ಶುಗರ್ ಇರುವ ಹತ್ತು ಜನರನ್ನು ಡಾಕ್ಟರು ಒಟ್ಟಿಗೆ ನೋಡುವುದು ಹೇಗೆ

ನಮ್ಮದು ತಿಪಟೂರು ಕಡೆಯ ಎರಡು ಕೋಣೆಯ ಕ್ಲಿನಿಕ್. ನಾನು ಅಲ್ಲಿ ನರ್ಸ್. ಶುಗರ್ ಇರುವವರು ಬೆಳಗ್ಗೆ ಎಂಟಕ್ಕೇ ಬಂದು ಚೀಟಿ ಮಾಡಿಸುತ್ತಾರೆ, ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ, ಹನ್ನೊಂದಕ್ಕೆ ಒಳಗೆ ಹೋಗುತ್ತಾರೆ, ನಾಲ್ಕು ನಿಮಿಷಕ್ಕೆ ಹೊರಗೆ ಬರುತ್ತಾರೆ. "ಏನಂದ್ರು ಡಾಕ್ಟ್ರು?" ಅಂತ ಪಕ್ಕದವರು ಕೇಳಿದರೆ "ಅದೇ ಮಾತ್ರೆ ಮುಂದುವರಿಸಿ ಅಂದ್ರು" ಅಂತ ಉತ್ತರ. ಅಷ್ಟೇ. ಆದರೆ ಆ ಮೂರು ಗಂಟೆ ಬೆಂಚಿನ ಮೇಲೆ ಏನೇನು ಮಾತು ನಡೆಯುತ್ತದೆ ಅಂತ ಕೇಳಬೇಕು ನೀವು. ರಾತ್ರಿ ಅಂಗಾಲು ಉರಿಯುತ್ತಾ ನಿಮಗೂ? ಇನ್ಸುಲಿನ್ ಒಂದ್ಸಲ ಹಿಡಿದರೆ ಸಾಯೋವರೆಗೂ ಬಿಡೋ ಹಾಗಿಲ್ವಂತೆ, ಹೌದಾ? ಮಗಳ ಮದುವೆ ಖರ್ಚಲ್ಲಿ ಎರಡು ತಿಂಗಳು ಮಾತ್ರೆನೇ ತಗೊಳ್ಳಲಿಲ್ಲ ಕಣಮ್ಮ, ಡಾಕ್ಟರಿಗೆ ಹೇಳಬೇಡ. ಒಳಗೆ ಬರಬೇಕಾದ ಮಾತೆಲ್ಲ ಬೆಂಚಿನಲ್ಲೇ ಮುಗಿದುಹೋಗುತ್ತದೆ.

ಗುಂಪು ಭೇಟಿ ಅಂದರೆ ಆ ಬೆಂಚನ್ನೇ ಒಳಗೆ ತರುವುದು. ಎಂಟರಿಂದ ಹತ್ತು ಜನ ಒಂದೇ ಕೋಣೆಯಲ್ಲಿ ಸುತ್ತ ಕೂರುತ್ತಾರೆ, ಡಾಕ್ಟರು ಒಬ್ಬೊಬ್ಬರನ್ನೇ ಎಲ್ಲರ ಎದುರಿಗೆ ನೋಡುತ್ತಾರೆ, ಒಂದೂವರೆ ಗಂಟೆಯಲ್ಲಿ ಎಲ್ಲರದ್ದೂ ಮುಗಿಯುತ್ತದೆ. ಇದು ನಮ್ಮ ತಲೆಯಿಂದ ಬಂದ ಐಡಿಯಾ ಏನಲ್ಲ. ಅಮೆರಿಕದ ಕೊಲರಾಡೊದಲ್ಲಿ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆಯ ಡಾಕ್ಟರುಗಳು 1990ರ ದಶಕದ ಶುರುವಿನಲ್ಲೇ ವಯಸ್ಸಾದ ರೋಗಿಗಳನ್ನು ಹೀಗೆ ನೋಡುತ್ತಿದ್ದರು. ಇಟಲಿಯ ಟ್ಯೂರಿನ್‌ನಲ್ಲಿ ಶುಗರ್ ಇರುವ 112 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಗುಂಪಿನಲ್ಲಿ, ಇನ್ನೊಂದನ್ನು ಒಬ್ಬೊಬ್ಬರಾಗಿ ಐದು ವರ್ಷ ನೋಡಿದರು. ಒಬ್ಬೊಬ್ಬರಾಗಿ ಬಂದವರ ಮೂರು ತಿಂಗಳ ಸರಾಸರಿ ಶುಗರ್ ವರ್ಷ ಕಳೆದಂತೆ ಏರುತ್ತಾ ಹೋಯಿತು, ಗುಂಪಿನವರದು ಹೆಚ್ಚು ಕಡಿಮೆ ಇದ್ದಲ್ಲೇ ನಿಂತಿತು. ನಮ್ಮ ಪಕ್ಕದ ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಗ್ಲಾಕೋಮಾ ಅನ್ನುವ ಕಣ್ಣಿನ ನರದ ಕಾಯಿಲೆ ಇರುವವರನ್ನು ಐದೈದು ಜನರಂತೆ ಕೂರಿಸಿ ನೋಡಿದಾಗ ಅವರು ಒಬ್ಬರೇ ಬಂದಾಗಿನದಕ್ಕಿಂತ ಜಾಸ್ತಿ ಪ್ರಶ್ನೆ ಕೇಳಿದರು. ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಬೆಂಚು ನೋಡಿದವರಿಗೆ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯ ಶಿಬಿರ ಮಾಡಿ ಮೈಕ್ ಹಿಡಿದು "ಸಿಹಿ ತಿನ್ನಬೇಡಿ, ವಾಕ್ ಮಾಡಿ" ಅಂತ ಭಾಷಣ ಮಾಡಿ ಬಾಳೆಹಣ್ಣು ಹಂಚುತ್ತಾರಲ್ಲ, ಅದು ಬೇರೆ. ಇಲ್ಲಿ ಬಂದವರಿಗೆ ಅವತ್ತಿನ ಪರೀಕ್ಷೆ ಆಗಬೇಕು, ಅವರ ಔಷಧಿ ಬದಲಾಗಬೇಕಿದ್ದರೆ ಬದಲಾಗಬೇಕು, ಚೀಟಿ ಬರೆದು ಸಹಿ ಆಗಬೇಕು, ರಿಜಿಸ್ಟರಿನಲ್ಲಿ ಎಂಟ್ರಿ ಆಗಬೇಕು. ಗುಂಪಿನಿಂದ ಎದ್ದು ಹೋಗಿ ಮತ್ತೆ ಡಾಕ್ಟರಿಗಾಗಿ ಸಾಲಿನಲ್ಲಿ ನಿಲ್ಲಬೇಕಾದರೆ ಮುಂದಿನ ಸಲ ಯಾರೂ ಬರಲ್ಲ, ನಾನೂ ಬರಲ್ಲ.

ಯಾರನ್ನು ಕರೆಯಬೇಕು

ಹತ್ತು ಜನ ಬೇಕಾದರೆ ಹದಿಮೂರು ಜನಕ್ಕೆ ಹೇಳಿ, ಮೂವರು ತಪ್ಪಿಸಿಕೊಳ್ಳುತ್ತಾರೆ. ಹನ್ನೆರಡರ ಮೇಲೆ ಹೋದರೆ ಅದು ಸಭೆ ಆಗುತ್ತದೆ. ಬರೀ ಮಾತ್ರೆಯಲ್ಲಿರುವವರನ್ನೇ ಕೂಡಿಸಬೇಡಿ, ಇನ್ಸುಲಿನ್ ತಗೊಳ್ಳುವವರು ಒಬ್ಬಿಬ್ಬರು ಇರಲಿ. ಇನ್ಸುಲಿನ್ ಅಂದರೆ ಕಡೇ ಘಟ್ಟ ಅಂದುಕೊಂಡು ನಡುಗುವ ಮನುಷ್ಯನಿಗೆ ಎದುರಿನ ಕುರ್ಚಿಯಲ್ಲಿ ಕೂತ ಗಟ್ಟಿಮುಟ್ಟಾದ ಹೆಂಗಸು "ನಾನು ಎಂಟು ವರ್ಷದಿಂದ ಚುಚ್ಚಿಕೊಳ್ತಿದೀನಿ, ದಿನಾ ಎರಡು ಹಸು ಹಾಲು ಕರೀತೀನಿ" ಅಂದರೆ ಆಗುವ ಧೈರ್ಯ ಡಾಕ್ಟರ ಹತ್ತು ಮಾತಿನಿಂದ ಆಗುವುದಿಲ್ಲ.

ಗಂಡಸರು ಹೆಂಗಸರು ಒಟ್ಟಿಗೆ ಕೂತರೆ ನಮ್ಮಲ್ಲಿ ತೊಂದರೆ ಆಗಲಿಲ್ಲ. ಆದರೆ ಹೆಂಗಸರದ್ದೇ ಒಂದು ಗುಂಪು ಬೇಕು ಅಂತ ಕೆಲವರು ಕೇಳಿದರು, ಮಾಡಿದೆವು. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೆ ಒಂದೇ ಗುಂಪಿಗೆ ಹಾಕಿ, ಅಡುಗೆ ಒಂದೇ ಅಲ್ವಾ. ಅತ್ತೆ ಸೊಸೆಯನ್ನು ಮಾತ್ರ ಒಂದೇ ಗುಂಪಿಗೆ ಹಾಕಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಕುರ್ಚಿ ಎಲ್ಲರಿಗೂ ಒಂದೇ ಥರದ್ದು ಇರಲಿ. ತೋಟದ ಯಜಮಾನರಿಗೆ ಕುರ್ಚಿ, ಅವರ ತೋಟದಲ್ಲಿ ಕೂಲಿ ಮಾಡುವವರಿಗೆ ಸ್ಟೂಲು ಅಂತಾದರೆ ಆ ಸ್ಟೂಲಿನಿಂದ ಒಂದು ಮಾತೂ ಬರುವುದಿಲ್ಲ. ಕಿವಿ ಮಂದ ಇರುವವರನ್ನು ಡಾಕ್ಟರ ಪಕ್ಕಕ್ಕೇ ಕೂರಿಸಿ.

ಬಸುರಿಯರು, ಸಣ್ಣ ಮಕ್ಕಳು, ಕಾಲಿಗೆ ಹುಣ್ಣಾಗಿ ಕೀವು ತುಂಬಿದವರು, ಎರಡು ವಾರದಿಂದ ಕೆಮ್ಮು ಬಿಡದವರು, ಇವರಿಗೆ ಗುಂಪು ಬೇಡ. ಅವರನ್ನು ಬೇರೆಯಾಗಿ, ಬೇಗ ನೋಡಬೇಕು. ಮತ್ತೆ ಇದು ಬಲವಂತದ ಮಾತಲ್ಲ. "ನನಗೆ ಹತ್ತು ಜನರ ಮುಂದೆ ಆಗಲ್ಲ" ಅಂದವರಿಗೆ ಹಳೆಯ ಕ್ರಮವೇ ಇರಲಿ, ಮುಖ ಸಿಂಡರಿಸಬೇಡಿ.

ಬೆಳಗಿನ ಸಮಯ, ಮತ್ತು ನಾವು ಮಾಡಿದ ತಪ್ಪು

ಸಂತೆ ದಿನ ಬೇಡ. ಅದು ಬಿಟ್ಟು ಯಾವ ದಿನ ಆದರೂ ಸರಿ, ಆದರೆ ಹೊತ್ತು ಮಾತ್ರ ಯೋಚನೆ ಮಾಡಿ ಇಡಿ. ಮೊದಲ ಗುಂಪಿನ ದಿನ ನಾವು ಎಲ್ಲರಿಗೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದೆವು. ರಕ್ತ ತೆಗೆಯುವುದು ತಡವಾಯಿತು, ಡಾಕ್ಟರು ಒಂದು ಎಮರ್ಜೆನ್ಸಿ ನೋಡಲು ಹೋದರು, ಹತ್ತು ಗಂಟೆ ಆಯಿತು. ಮೂಲೆಯಲ್ಲಿ ಕೂತಿದ್ದ ಅಜ್ಜ ಶರ್ಟಿನ ತೋಳಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದರು. ಫ್ಯಾನ್ ಕೆಳಗೇ ಕೂತಿದ್ದಾರೆ, ಆದರೂ ಬೆವರು. ಕೈ ನೋಡಿದೆ, ಚೀಟಿ ಹಿಡಿದ ಬೆರಳು ನಡುಗುತ್ತಿತ್ತು. "ಅಜ್ಜ, ಮನೇಲಿ ಮಾತ್ರೆ ತಗೊಂಡು ಬಂದ್ರಾ?" ಅಂದೆ. "ಹೂನಮ್ಮ, ಊಟ ಮಾಡಬೇಡಿ ಅಂದ್ರಿ, ಮಾತ್ರೆ ಬೇಡ ಅನ್ನಲಿಲ್ವಲ್ಲ." ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮೂರು ಗಂಟೆ ಕೂತಿದ್ದರು. ಚುಚ್ಚಿ ನೋಡಿದರೆ ಶುಗರ್ ಬರೀ 58.

ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 84. ಆಮೇಲೆ ಎರಡು ಇಡ್ಲಿ. ತಪ್ಪು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೋಣೆಯಲ್ಲಿದ್ದ ಒಂಬತ್ತು ಜನ ಶುಗರ್ ಇಳಿದರೆ ಮನುಷ್ಯ ಹೇಗೆ ಕಾಣುತ್ತಾನೆ ಅಂತ ಕಣ್ಣಾರೆ ನೋಡಿದರು. "ನನಗೂ ಹಿಂಗೇ ಆಗುತ್ತೆ, ನಾನು ಗಾಳಿ ಸೋಕು ಅಂದ್ಕೊಂಡಿದ್ದೆ" ಅಂತ ಒಬ್ಬಾಕೆ ಅಂದರು.

ಈಗ ಕ್ರಮ ಬದಲಾಗಿದೆ. ಖಾಲಿ ಹೊಟ್ಟೆಯ ರಕ್ತ ಬೇಕಿದ್ದರೆ ಏಳೂವರೆಗೆ ತೆಗೆದು ಮುಗಿಸಿ. ಊಟಕ್ಕೆ ಸೇರಿಸಿ ತಗೊಳ್ಳುವ ಮಾತ್ರೆ, ಇನ್ಸುಲಿನ್ ಎಲ್ಲ ಕೈಚೀಲದಲ್ಲಿ ತರಬೇಕು, ತಿಂಡಿ ಎದುರಿಗೆ ಬಂದಾಗಲೇ ತಗೊಳ್ಳಬೇಕು ಅಂತ ಹಿಂದಿನ ದಿನ ಫೋನಿನಲ್ಲೇ ಹೇಳಿ. ಎಲ್ಲರೂ ತಿಂಡಿ ತಿಂದ ಮೇಲೆ ಒಂಬತ್ತೂವರೆಗೆ ಕೂರಿಸಿ. ಸಕ್ಕರೆ ಡಬ್ಬಿ, ಚಮಚ, ಲೋಟ ಮೇಜಿನ ಮೇಲೇ ಇರಲಿ. 70ಕ್ಕಿಂತ ಕೆಳಗಿದ್ದರೆ ಸಕ್ಕರೆ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ, ಇನ್ನೂ ಕೆಳಗಿದ್ದರೆ ಇನ್ನೊಂದು ಸಲ ಸಕ್ಕರೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಅದು ಡಾಕ್ಟರ ಕೆಲಸ.

ಸೂಜಿ ವಿಷಯ. ಗುಂಪಿನಲ್ಲಿ ಬೇಗ ಬೇಗ ಚುಚ್ಚುವಾಗ ಕೈ ಜಾರುವುದು ಇಲ್ಲೇ. ಒಬ್ಬರಿಗೆ ಒಂದು ಸೂಜಿ, ಒಮ್ಮೆ ಮಾತ್ರ. ಪೆನ್ನಿನಂಥ ಚುಚ್ಚುವ ಸಾಧನವನ್ನು ಸೂಜಿ ಬದಲಿಸಿ ಹತ್ತು ಜನಕ್ಕೆ ಬಳಸುವುದೂ ತಪ್ಪು, ಅದರ ಮೂತಿಗೆ ರಕ್ತ ಹತ್ತಿರುತ್ತದೆ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಏಳು ದಿನದವರೆಗೂ ಬದುಕಿರುತ್ತದೆ. ಒಮ್ಮೆ ಬಳಸಿ ಎಸೆಯುವ ಚುಚ್ಚುಸೂಜಿ (ಲ್ಯಾನ್ಸೆಟ್) ತರಿಸಿ, ಗ್ಲೌಸ್ ಒಬ್ಬೊಬ್ಬರಿಗೂ ಬದಲಿಸಿ, ಮೀಟರ್ ಒರೆಸಿ. ಇದರಲ್ಲಿ ಜಿಪುಣತನ ಬೇಡ.

ಬೋರ್ಡು

ಗೋಡೆಗೆ ಒಂದು ಬಿಳಿ ಬೋರ್ಡು. ಅದರಲ್ಲಿ ಒಬ್ಬೊಬ್ಬರ ಎದುರಿಗೂ ಬಿ.ಪಿ., ಅವತ್ತಿನ ಶುಗರ್, ಎಚ್‌ಬಿಎ1ಸಿ, ತೂಕ, ಕಾಲು ನೋಡಿದ್ದಾಯಿತೋ ಇಲ್ಲವೋ. ಎಚ್‌ಬಿಎ1ಸಿ ಅಂದರೆ ನಾವು ಮೂರು ತಿಂಗಳ ಶುಗರ್ ಅನ್ನುತ್ತೇವೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಅದು. ಹಾಗಾಗಿ ಎರಡು ದಿನ ಸಿಹಿ ಬಿಟ್ಟು ಬಂದು "ನೋಡಿ ಸಿಸ್ಟರ್ 110" ಅನ್ನುವವರ ಆಟ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ 7ರ ಒಳಗಿದ್ದರೆ ಒಳ್ಳೆಯದು, ತುಂಬಾ ವಯಸ್ಸಾದವರಿಗೆ, ಪದೇ ಪದೇ ಶುಗರ್ ಇಳಿಯುವವರಿಗೆ 8ರ ಹತ್ತಿರ ಇದ್ದರೂ ಡಾಕ್ಟರು ಒಪ್ಪುತ್ತಾರೆ.

ಬೋರ್ಡಿನ ಮೇಲೆ ಹೆಸರು ಬರೆಯಲು ಒಬ್ಬೊಬ್ಬರನ್ನೂ ಕೇಳಿ. ಬೇಡ ಅಂದವರಿಗೆ ನಾವು ಹೂವಿನ ಹೆಸರು ಕೊಡುತ್ತೇವೆ. ಮೀಸೆ ತಿರುವಿಕೊಂಡು ಕೂತ ಗೌಡರು ಸೇವಂತಿಗೆ ಆದ ದಿನ ಕೋಣೆಯೆಲ್ಲ ನಕ್ಕಿತು, ಮುಂದಿನ ಸಲ ಅವರೇ "ನನ್ನ ಹೆಸರೇ ಬರೀರಿ" ಅಂದರು. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಅದಕ್ಕೇ ಪ್ರತಿ ಸಲ ಶುರುವಿನಲ್ಲಿ ಜೋರಾಗಿ ಹೇಳಬೇಕು: ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು, ಬೋರ್ಡಿನ ಫೋಟೋ ಹೊಡೆಯುವ ಹಾಗಿಲ್ಲ. ಎಲ್ಲರೂ ಬಾಯಿ ಬಿಟ್ಟು "ಆಯ್ತು" ಅನ್ನಬೇಕು, ತಲೆ ಆಡಿಸಿದರೆ ಸಾಲದು.

ಡಾಕ್ಟರು ಏನು ಮಾಡಬೇಕು, ಏನು ಮಾಡಬಾರದು

ಒಬ್ಬೊಬ್ಬರಿಗೆ ಐದಾರು ನಿಮಿಷ. ಡಾಕ್ಟರು ತಮ್ಮ ಮನಸ್ಸಿನಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಬೇಕು. "ಇವರ ಬೆಳಗಿನ ಶುಗರ್ ಜಾಸ್ತಿ ಇದೆ, ಆದರೆ ರಾತ್ರಿ ಹತ್ತೂವರೆಗೆ ಊಟ ಮಾಡ್ತಿದಾರೆ, ಹಾಗಾಗಿ ಈಗಲೇ ಮಾತ್ರೆ ಏರಿಸಲ್ಲ, ಮೊದಲು ಊಟದ ಹೊತ್ತು ಸರಿ ಮಾಡೋಣ." ಇದು ಒಬ್ಬರಿಗೆ ಹೇಳಿದ್ದು, ಕೇಳಿಸಿಕೊಂಡವರು ಹತ್ತು ಜನ. ಅದರಲ್ಲಿ ನಾಲ್ಕು ಜನ ಹತ್ತೂವರೆಗೇ ಊಟ ಮಾಡುವವರು. ಧಾರಾವಾಹಿ ಮುಗಿಯಬೇಕಲ್ಲ.

ಎಲ್ಲ ಡಾಕ್ಟರಿಗೂ ಇರುವ ಒಂದು ಕಾಯಿಲೆ ಅಂದರೆ ಎದುರಿಗೆ ಹತ್ತು ಜನ ಕಂಡ ಕೂಡಲೇ ಪಾಠ ಶುರು ಮಾಡುವುದು. ನಮ್ಮ ಡಾಕ್ಟರು ಒಳ್ಳೆಯವರು, ಆದರೂ ಮೇದೋಜೀರಕ ಗ್ರಂಥಿ ಅಂತ ಒಂದ್ಸಲ ಶುರು ಮಾಡಿದರೆ ನಿಲ್ಲುವುದಿಲ್ಲ. ನಾನು ಕೆಮ್ಮುತ್ತೇನೆ. ಒಂದು ಕೆಮ್ಮು ಅಂದರೆ ಸಾಕು, ಎರಡು ಕೆಮ್ಮು ಅಂದರೆ ಮುಂದಿನವರು. ಮೊದಲೇ ಮಾತಾಡಿಕೊಂಡಿದ್ದೇವೆ. ಈ ಗುಂಪು ನಡೆಸುವ ಕೆಲಸ ಡಾಕ್ಟರದ್ದಲ್ಲ, ನರ್ಸ್ ಅಥವಾ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಊರಿನವರನ್ನು ಚೆನ್ನಾಗಿ ಬಲ್ಲ ಆಶಾ ಅಕ್ಕನದ್ದು. ಗಡಿಯಾರ ಅವರ ಕೈಯಲ್ಲಿ ಇರಬೇಕು.

ಯಾರಾದರೂ ಪ್ರಶ್ನೆ ಕೇಳಿದರೆ ಮೊದಲು ಗುಂಪಿಗೇ ತಿರುಗಿಸಿ. "ಮದುವೆ ಮನೆಯಲ್ಲಿ ಏನು ಮಾಡ್ತೀರಿ?" ಅಂತ. ಒಬ್ಬರು "ಎಲೆಗೆ ಪಲ್ಯ ಕೋಸಂಬರಿ ಎರಡೆರಡು ಸಲ ಹಾಕಿಸಿಕೊಂಡು, ಹೋಳಿಗೆ ಅರ್ಧ ಮುರಿದು ಪಕ್ಕದ ಹುಡುಗನಿಗೆ ಕೊಡ್ತೀನಿ" ಅಂದರು. ಇಷ್ಟು ಸಲೀಸಾದ ಉತ್ತರ ಯಾವ ಡಯಟ್ ಚಾರ್ಟಿನಲ್ಲೂ ನಾನು ನೋಡಿಲ್ಲ. ಆದರೆ ತಪ್ಪು ಮಾತು ಬಂದರೆ ಬಿಡಬಾರದು. "ನಾನು ಮಾತ್ರೆ ಬಿಟ್ಟು ಮಧುನಾಶಿನಿ ಎಲೆ ತಿಂತಿದೀನಿ" ಅಂತ ಒಬ್ಬರು ಹೆಮ್ಮೆಯಿಂದ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಬೋರ್ಡಿನಲ್ಲಿ ಅವರ ಸಾಲು ತೋರಿಸಿ "ಮಾರ್ಚ್‌ನಲ್ಲಿ ಮೂರು ತಿಂಗಳ ಶುಗರ್ 7.4, ಈಗ 9.8, ನಿಮಗೇನು ಅನ್ನಿಸುತ್ತೆ?" ಅಂದರು. ಅವರು ಬಹಳ ಹೊತ್ತು ಬೋರ್ಡನ್ನೇ ನೋಡುತ್ತಿದ್ದರು. ಇನ್ನೊಂದು ಅಪಾಯ, ಮಾತ್ರೆ ಹಂಚಿಕೊಳ್ಳುವುದು. "ನಿಂಗೆ ಚೆನ್ನಾಗಿ ಕೇಳಿದೆಯಲ್ಲ, ನಂಗೂ ಎರಡು ಕೊಡು" ಅನ್ನುವುದು ನಮ್ಮ ಕಣ್ಣೆದುರೇ ನಡೆದಿದೆ. ಕಿಡ್ನಿ ಒಬ್ಬೊಬ್ಬರದ್ದು ಒಂದೊಂದು ಥರ ಇರುತ್ತದೆ, ಹಾಗಾಗಿ ಮಾತ್ರೆಯೂ ಬೇರೆ ಅಂತ ಪ್ರತಿ ಸಲ ಹೇಳಿ.

ಮುದ್ದೆ ತೂಗಿದ ದಿನ

ಪ್ರತಿ ಗುಂಪಿನಲ್ಲೂ ಕೈಯಲ್ಲಿ ಮಾಡುವ ಕೆಲಸ ಒಂದಾದರೂ ಇರಲಿ. ನಮ್ಮಲ್ಲಿ ಎಲ್ಲರಿಗೂ ನೆನಪಿರುವುದು ಮುದ್ದೆಯ ದಿನ. ಮನೆಯಲ್ಲಿ ಒಂದು ಹೊತ್ತಿಗೆ ಉಣ್ಣುವಷ್ಟು ಮುದ್ದೆ ಡಬ್ಬಿಯಲ್ಲಿ ತನ್ನಿ ಅಂದಿದ್ದೆವು. ಅಡುಗೆಮನೆಯ ತಕ್ಕಡಿ ಮೇಜಿನ ಮೇಲೆ ಇಟ್ಟೆ. ಮೊದಲ ಡಬ್ಬಿ 190 ಗ್ರಾಂ. ಎರಡನೆಯದು 260. ಮೂರನೆಯ ಡಬ್ಬಿಯ ಮುಚ್ಚಳವೇ ಬರುತ್ತಿರಲಿಲ್ಲ, ಒಳಗಿನ ಮುದ್ದೆ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಬಿಡಿಸಿ ಇಟ್ಟರೆ 430.

"ಒಂದೇ ಮುದ್ದೆ ಅಲ್ವಾ ಸಿಸ್ಟರ್," ಅಂದರು ತಂದವರು. "ನಮ್ಮನೇಲಿ ಇದೇ ಚಿಕ್ಕದು. ನಮ್ಮ ಹುಡುಗ ಉಣ್ಣೋದು ನೋಡ್ಬೇಕು ನೀವು."

ಡಾಕ್ಟರು ಅವರಿಗೆ ಮೂರು ವರ್ಷದಿಂದ "ಒಂದೇ ಮುದ್ದೆ ತಿನ್ನಿ" ಅಂತ ಬರೆದು ಕೊಡುತ್ತಿದ್ದರು. ಅವರು ಮೂರು ವರ್ಷದಿಂದ ಒಂದೇ ಮುದ್ದೆ ತಿನ್ನುತ್ತಿದ್ದರು. ಯಾರದ್ದೂ ಸುಳ್ಳಲ್ಲ.

ರಾಗಿ ತಿಂದರೆ ಶುಗರ್ ಏರುವುದಿಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್), ಅಕ್ಕಿಗಿಂತ ಬಹಳ ಕಡಿಮೆ ಏನಲ್ಲ. ನಾರು, ಸುಣ್ಣದ ಅಂಶ ಜಾಸ್ತಿ ಅನ್ನುವುದು ನಿಜ, ಅದಕ್ಕೆ ರಾಗಿ ಒಳ್ಳೆಯದು, ಆದರೆ ಅಳತೆಯಲ್ಲಿ. ಅವತ್ತು ಎಲ್ಲರೂ ಸೇರಿ ಮುಷ್ಟಿಯಷ್ಟು ದೊಡ್ಡ ಮುದ್ದೆ ಕಟ್ಟಿ ತೂಗಿ ಕಣ್ಣಳತೆ ಮಾಡಿಕೊಂಡರು. ಪಕ್ಕದಲ್ಲಿ ಉಪ್ಸಾರು, ಸೊಪ್ಪು, ಕಾಳು ಜಾಸ್ತಿ. ನಿಮ್ಮ ಕಡೆ ಮುದ್ದೆ ಇಲ್ಲದಿದ್ದರೆ ಜೋಳದ ರೊಟ್ಟಿ ಎಣಿಸಿ, ಕುಚ್ಚಲಕ್ಕಿ ಅನ್ನ ತೂಗಿ. ಗಂಜಿ ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಬಿಡಬೇಡಿ.

ಇನ್ನೊಂದು ಸಲ ಕಾಲು. ಎಲ್ಲರೂ ಚಪ್ಪಲಿ ಬಿಟ್ಟು, ಕಾಲು ತೊಳೆದು ಒರೆಸಿ ಕೂರಲಿ. ತೆಳ್ಳಗಿನ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ನೋಡುವ ಸಾಧನ ಇದ್ದರೆ ಸರಿ. ಇಲ್ಲದಿದ್ದರೆ ಕಣ್ಣು ಮುಚ್ಚಿಸಿ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಹಗುರಾಗಿ ಒಂದೆರಡು ಸೆಕೆಂಡು ಮುಟ್ಟಿ, ಯಾವ ಕಾಲು ಅಂತ ಕೇಳಿ. ಆರರಲ್ಲಿ ಎರಡು ತಪ್ಪಿದರೂ ಡಾಕ್ಟರು ಸರಿಯಾಗಿ ನೋಡಬೇಕು. ಗಂಡ ಹೆಂಡತಿ ಮನೆಯಲ್ಲೇ ಮಾಡಿಕೊಳ್ಳಬಹುದು. ಇನ್ಸುಲಿನ್ ತಗೊಳ್ಳುವವರು ಹೊಟ್ಟೆಯಲ್ಲಿ ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿಕೊಂಡಿರುತ್ತಾರೆ, ಆ ಗಂಟಿಗೆ ಚುಚ್ಚಿದ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದನ್ನು ಪರದೆ ಹಿಂದೆ ಕೈಯಲ್ಲಿ ಮುಟ್ಟಿ ನೋಡಿ.

ಎಲ್ಲರ ಮುಂದೆ ಬೇಡದ್ದು

ಕೊನೆಯ ಇಪ್ಪತ್ತು ನಿಮಿಷ ಡಾಕ್ಟರು ಪಕ್ಕದ ಕೋಣೆಯಲ್ಲಿ ಒಬ್ಬರೇ ಕೂರಬೇಕು. ಕುಡಿತ, ಗಂಡಸುತನದ ತೊಂದರೆ, ಹೆಂಗಸರಿಗೆ ಕೆಳಗೆ ಪದೇ ಪದೇ ಆಗುವ ತುರಿಕೆ, ಮನೆಯ ಜಗಳ, ದುಡ್ಡು, ಇದನ್ನೆಲ್ಲ ಗುಂಪಿನಲ್ಲಿ ಕೇಳಬೇಡಿ. "ಬೇಕಾದವರು ಒಳಗೆ ಹೋಗಿ" ಅಂದರೆ ಯಾರೂ ಹೋಗುವುದಿಲ್ಲ, ಹೋದವನಿಗೆ ಏನೋ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ. ಎಲ್ಲರೂ ಸರದಿಯಲ್ಲಿ ಒಂದೆರಡು ನಿಮಿಷ ಒಳಗೆ ಹೋಗಿ ಬರುವ ಕ್ರಮ ಮಾಡಿ. ಚೀಟಿಗೆ ಸಹಿ ಹಾಕಿಸುವ ನೆಪ ಸಾಕು.

ವಾಟ್ಸಾಪ್ ಗುಂಪು ಮಾಡಿದರೆ ನರ್ಸ್ ಮಾತ್ರ ಬರೆಯುವ ಹಾಗೆ ಇಡಿ. ನಾವು ಮೊದಲು ಎಲ್ಲರಿಗೂ ಬಿಟ್ಟಿದ್ದೆವು. ಮೂರೇ ದಿನದಲ್ಲಿ ಬೆಂಡೆಕಾಯಿ ನೀರು, ಹಾಗಲಕಾಯಿ ರಸ, ಬೆಳಗಿನ ಶುಭೋದಯದ ಗುಲಾಬಿ. ಹಾಗೇ ಒಂದು ಕಂಪನಿಯವರು ಬಂದು ತಿಂಡಿ ಖರ್ಚು ನಾವು ಕೊಡುತ್ತೇವೆ, ಬಾಗಿಲಲ್ಲಿ ನಮ್ಮ ಪುಡಿಯ ಡಬ್ಬ ಇಡಲು ಬಿಡಿ ಅಂದರು. ಇಡ್ಲಿಗೆ ನಮ್ಮ ಹತ್ತಿರ ದುಡ್ಡಿದೆ ಅಂತ ಕಳಿಸಿದೆವು. ಫೀಸು ತಗೊಳ್ಳುವ ಕ್ಲಿನಿಕ್ ಆದರೆ ಒಬ್ಬರೇ ಬಂದಾಗ ತಗೊಳ್ಳುವುದಕ್ಕಿಂತ ಜಾಸ್ತಿ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿ.ಪಿ. ಥರದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಮಾಡುವುದಾದರೆ ಫಾರ್ಮಸಿಯವರಿಗೆ ಮೊದಲೇ ಹೇಳಿ, ಹತ್ತು ಜನರ ಮಾತ್ರೆ ಕವರಿಗೆ ಹಾಕಿ ಹೆಸರು ಬರೆದು ಇಟ್ಟಿರುತ್ತಾರೆ.

ನೀವು ರೋಗಿಯಾಗಿ ಹೋಗುತ್ತಿದ್ದರೆ

ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ನೋವಿನ ಮಾತ್ರೆ, ಆಯುರ್ವೇದದ್ದು ಎಲ್ಲ. ಹಳೆಯ ರಿಪೋರ್ಟು, ಮನೆಯಲ್ಲಿ ನೋಡಿದ ಶುಗರ್ ಬರೆದ ಪುಸ್ತಕ. ಮನೆಯಲ್ಲಿ ಅಡುಗೆ ಮಾಡುವವರನ್ನು ಒಂದು ಸಲವಾದರೂ ಕರೆದುಕೊಂಡು ಹೋಗಿ. ಮಾತಾಡಲೇಬೇಕು ಅಂತಿಲ್ಲ, ಮೊದಲೆರಡು ಸಲ ಸುಮ್ನೆ ಕೂತು ಕೇಳಿದರೂ ನಡೆಯುತ್ತದೆ. ಒಂದೇ ಒಂದು ಪ್ರಶ್ನೆ ಕೇಳಲೇಬೇಕು: ಈ ವರ್ಷ ನನ್ನ ಕಣ್ಣಿನ ಪರದೆ, ಮೂತ್ರದ ಪ್ರೋಟೀನ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿದ್ದಾಯಿತಾ? ವರ್ಷಕ್ಕೊಮ್ಮೆ ಇವು ಆಗಬೇಕು, ಮತ್ತು ಎಲ್ಲರೂ ಮರೆಯುವುದು ಇವನ್ನೇ.

ಅದೇ ಹತ್ತು ಜನ ಮೂರು ತಿಂಗಳಿಗೊಮ್ಮೆ ಸೇರಲಿ, ಗುಂಪು ಕಲಸಬೇಡಿ. ಎರಡನೇ ಸಲಕ್ಕೆ ಜನ ಕಡಿಮೆ ಆಗುತ್ತಾರೆ. ರಾಗಿ ಕೊಯ್ಲಿನಲ್ಲಿ ಇನ್ನೂ ಕಡಿಮೆ, ಗಂಡಸರಂತೂ ಏನಾದರೂ ನೆಪ ಹೇಳುತ್ತಾರೆ. ಹಿಂದಿನ ಸಂಜೆ ಮೆಸೇಜ್ ಬೇಡ, ಫೋನ್ ಮಾಡಿ. ನಮ್ಮಲ್ಲಿ ಈಗ ಆ ಫೋನ್ ಮಾಡುವುದು 430 ಗ್ರಾಂ ಮುದ್ದೆಯವರು. ನಾನು ಮಾಡಿದರೆ "ನೋಡ್ತೀನಿ ಸಿಸ್ಟರ್" ಅನ್ನುತ್ತಾರೆ, ಅವರು ಮಾಡಿದರೆ ಬೈಗುಳ ಕೇಳಲಾಗದೆ ಬರುತ್ತಾರೆ.